ಟೇಕಲ್ ಬೆಟ್ಟ ಎದ್ದು ನಿಂತಾಗ

ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ ಸುಬ್ರಮಣಿಗೆ ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇದ್ದದ್ದು ಒಂದೇ ಚಟ. ಬೆಟ್ಟದಂಥ ಪ್ರಾಣಿಯೊಂದು ಸಮುದ್ರದಿಂದಲೋ ನೆಲದೊಳಗಿಂದಲೋ ಎದ್ದುಬಂದು ಪಟ್ಟಣಗಳನ್ನು ತುಳಿದುಹಾಕುವ ಸಿನಿಮಾ ಎಂದರೆ ಅವನಿಗೆ ಪ್ರಾಣ. ಅದರ ಬಾಲ ತಗುಲಿ ದೊಡ್ಡ ಕಟ್ಟಡವೊಂದು ಪುಡಿಪುಡಿಯಾಗಿ ಉದುರಿದರೆ, ಮಜ್ಜಿಗೆ ಕುಡಿದಂತೆ ಅವನ ಹೊಟ್ಟೆ ತಣ್ಣಗಾಗುತ್ತಿತ್ತು. ಹೆಂಡತಿ ಅರ್ಪಿತ ಮಾತ್ರ, "ನಲವತ್ತು ದಾಟಿದೋರು ನೋಡೋದಾ ಇದು? ಇನ್ನೊಂದ್ಸಲ ಮನೇಲಿ ಆ ಹಲ್ಲಿ ಕಿರುಚಿದ್ರೆ ಟಿವಿ ಮಾರ್ಬಿಡ್ತೀನಿ" ಎಂದಿದ್ದಳು. ಹಾಗಾಗಿ ಮಾಸ್ತಿಯಿಂದ ಮಾಲೂರಿಗೆ ಹೋಗುವ ಬೆಳಗಿನ ಬಸ್ಸೇ ಅವನ ಟಾಕೀಸು. ಕಿಟಕಿ ಪಕ್ಕ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಫೋನಿನಲ್ಲಿ ಲೋಕ ಮುಳುಗುವುದನ್ನು ನೋಡುತ್ತ ಹೋಗುತ್ತಿದ್ದ.

ಒಂದು ದಿನ ಬಸ್ಸು ಗುಂಡಿಗೆ ಇಳಿದ ಏಟಿಗೆ ಇಯರ್‌ಫೋನ್ ಕಿತ್ತುಬಂತು. ಪ್ರಾಣಿಯ ಘರ್ಜನೆ ಬಸ್ಸೆಲ್ಲ ತುಂಬಿತು. ಇಂಜಿನ್ನೇ ಸಿಡಿಯಿತೆಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಫೋನು ಹಾರಿ, ಮುಂದಿದ್ದ ಮುನಿಶಾಮಮ್ಮನ ಕೊತ್ತಂಬರಿ ಮೂಟೆಯ ಮೇಲೆ ಬಿದ್ದು, ಅಲ್ಲಿಂದ ಕೆಳಗುರುಳಿ ಕಪ್ಪಗಾಯಿತು.

"ಅಬ್ಬೋ! ಏನಪ್ಪಾ ಅದು, ಕೋಣ ಕಡ್ದಂಗೆ ಕೂಗ್ತು?" ಎಂದಳು ಮುನಿಶಾಮಮ್ಮ. ದಿನವೂ ಮಾಲೂರಿಗೆ ಸೊಪ್ಪು ಹೊರುವ ಅವಳ ಬಾಯಿಗೆ ಇಡೀ ಬಸ್ಸು ಹೆದರುತ್ತಿತ್ತು.

"ಏನಿಲ್ಲ ಮುನಿಶಾಮಕ್ಕ, ಸಿನಿಮಾ."

"ನನ್ ಸೊಪ್ಪೆಲ್ಲ ನಜ್ಜುಗುಜ್ಜಾಯ್ತು. ಕತೇನಾದ್ರೂ ಹೇಳು ಮತ್ತೆ!"

ಸುಬ್ರಮಣಿ ಶುರುಮಾಡಿದ. ಆದರೆ ಪರದೇಶದ ಊರಿನ ಹೆಸರುಗಳು ನಾಲಿಗೆಗೇ ತೊಡರಿಕೊಂಡವು. ಕಂಡಕ್ಟರ್ ಕದಿರೇಶ್ ಆಕಳಿಸಿ, "ನಾವು ನೋಡ್ದಿರೋ ಊರು ಮುಳುಗಿದ್ರೆಷ್ಟು, ಬಿಟ್ರೆಷ್ಟು ಬಿಡಿ ಸಾರ್" ಎಂದ.

ಸುಬ್ರಮಣಿಗೆ ರೇಗಿತು. "ಸರಿ, ಟೇಕಲ್ ಬೆಟ್ಟ ನೋಡಿದ್ದೀಯಲ್ಲ? ಅದು ಬೆಟ್ಟ ಅಲ್ಲ ಕಣೋ. ಮಲಗಿರೋ ಪ್ರಾಣಿಯ ಬೆನ್ನು!"

ಕದಿರೇಶನ ಆಕಳಿಕೆ ಅರ್ಧಕ್ಕೇ ನಿಂತಿತು.

ಅಂದಿನಿಂದ ಕತೆ ದಿನವೂ ಬಸ್ಸಿನ ಜೊತೆಗೇ ಹೊರಡತೊಡಗಿತು. ಪ್ರಾಣಿ ಮೈಮುರಿದು ಎದ್ದು, ಮೈಮೇಲಿನ ಬಂಡೆಗಳನ್ನು ಹೇನಿನಂತೆ ಕೊಡವಿತು. ಸ್ಟೇಷನ್ನಿನಲ್ಲಿ ನಿಂತಿದ್ದ ರೈಲನ್ನು ನುಗ್ಗೇಕಾಯಿಯಂತೆ ಎತ್ತಿ ಚೀಪಿತು.

"ಒಳಗಿದ್ದ ಜನ?" ಎಂದು ಮುನಿಶಾಮಮ್ಮ ಗುಡುಗಿದಳು.

"ಎಲ್ರೂ ಟೀ ಕುಡಿಯೋಕೆ ಇಳಿದಿದ್ರು ಅಕ್ಕ."

"ಹಂಗನ್ನು. ನಮ್ ರಾಗಿ ಹೊಲಕ್ಕೇನಾದ್ರೂ ಕಾಲಿಟ್ರೆ ನೋಡು!"

ಪಾಪದ ಪ್ರಾಣಿ ಅವಳ ಹೊಲದ ಬದುವಿನ ಮೇಲೆ ಬೆರಳ ತುದಿಯಲ್ಲಿ ನಡೆದುಹೋಗಬೇಕಾಯಿತು. ಮರುದಿನ ಹುಣಸೇಪಾಳ್ಯದ ಮುನಿಯಲ್ಲಪ್ಪ ಮುನಿಸಿಕೊಂಡ. "ನಮ್ಮೂರಲ್ಲಿ ಬಸ್ಸಂತೂ ನಿಲ್ಸಲ್ಲ. ಈಗ ಪ್ರಾಣೀನೂ ನಿಲ್ದಂಗೆ ಹೋಗೋದಾ? ಒಂದ್ ಮನೆ ಆದ್ರೂ ತುಳೀಲಪ್ಪ. ನಮ್ ಬಾಮೈದಂದೇ ತುಳೀಲಿ, ನಂಗೇನ್ ಬೇಜಾರಿಲ್ಲ."

ಬಾಮೈದನ ಮನೆ ಹೊಸ ಕಾಂಪೌಂಡಿನ ಸಮೇತ ನೆಲಸಮವಾಯಿತು. ಮುನಿಯಲ್ಲಪ್ಪ ಸಂತೋಷ ತಡೆಯಲಾರದೆ ಸುಬ್ರಮಣಿಗೆ ಒಂದು ಇಡೀ ಹಲಸಿನಹಣ್ಣು ತಂದುಕೊಟ್ಟ.

ಕೊನೆಯನ್ನು ಸುಬ್ರಮಣಿ ಮೊದಲೇ ಯೋಚಿಸಿಟ್ಟಿದ್ದ. ಮಿಲಿಟರಿ ವಿಮಾನಗಳು ಬರುತ್ತವೆ, ಪ್ರಾಣಿ ಸಾಯುತ್ತದೆ, ಎಲ್ಲರ ಕಣ್ಣೂ ಒದ್ದೆಯಾಗುತ್ತದೆ. ಅಷ್ಟರಲ್ಲಿ ಅವನಿಗೆ ಜ್ವರ ಬಂತು. ಸುಧಾರಿಸಿಕೊಂಡು ಬಸ್ಸು ಹತ್ತಿದಾಗ, ಟಿಕೆಟ್ ಮೆಷಿನ್ನನ್ನು ಕಂಕುಳಲ್ಲಿ ಅವುಚಿಕೊಂಡು ಕದಿರೇಶ್ ಕತೆ ಹೇಳುತ್ತಿದ್ದ. ಪ್ರಾಣಿ ಈಗ ಹೆಣ್ಣು, ಹೆಸರು ಟೇಕಲಮ್ಮ, ತುಂಬು ಬಸುರಿ. ಹಸಿರು ಬಳೆ ತೊಡಿಸಲು ಹೆಂಗಸರು ಲಾರಿ ಟೈರುಗಳಿಗೆ ಬಣ್ಣ ಬಳಿಯುತ್ತಿದ್ದರು.

"ಏಯ್, ಅದು ಗಂಡು!" ಸುಬ್ರಮಣಿ ಕೂಗಿಕೊಂಡ. "ವಿಮಾನ ಬಂದು ಬಾಂಬ್ ಹಾಕ್ಬೇಕು!"

ಇಡೀ ಬಸ್ಸು ಅವನತ್ತ ತಿರುಗಿತು.

"ಬಸುರಿ ಮೇಲೆ ಬಾಂಬ್ ಹಾಕ್ತೀಯೇನಪ್ಪಾ?" ಮುನಿಶಾಮಮ್ಮ ಎದ್ದೇ ನಿಂತಳು. "ನೀನು ಹೆಂಡ್ತಿ ಮಕ್ಕಳಿರೋನೇನಾ?" ಹಲಸಿನಹಣ್ಣು ಕೊಟ್ಟಿದ್ದ ಮುನಿಯಲ್ಲಪ್ಪನೂ ತಲೆಯಾಡಿಸುತ್ತ ಕಿಟಕಿಯಾಚೆ ನೋಡಿದ.

ಸುಬ್ರಮಣಿ ಮುದುಡಿ ಕೂತ. ತಾನು ಕಟ್ಟಿದ್ದ ಎತ್ತನ್ನು ಯಾರೋ ಬಿಚ್ಚಿ ತಮ್ಮ ಗಾಡಿಗೆ ಹೂಡಿದಂತೆ ಅವನಿಗೆ ಸಂಕಟವಾಯಿತು. ಕೇಳಬಾರದು ಅಂದುಕೊಂಡ. ಆದರೆ ಕಿವಿ ಕೇಳಬೇಕಲ್ಲ!

"ಚೊಚ್ಚಲ ಹೆರಿಗೆ ಅಲ್ವಾ, ತವರಿಗೆ ಹೋಗ್ಲೇಬೇಕು ಅಂತ ಹೊರಟ್ಳು," ಎಂದ ಕದಿರೇಶ್. "ನಡೆದ್ಳು, ನಡೆದ್ಳು, ಕೋಲಾರಕ್ಕೆ ಬಂದ್ಳು. ಅಂತರಗಂಗೆ ಬೆಟ್ಟದ ಮುಂದೆ ನಿಂತು, 'ಅಮ್ಮಾ' ಅಂದ್ಳು. ಬೆಟ್ಟ ಸುಮ್ನಿತ್ತು. ಇನ್ನೊಂದ್ಸಲ ಅಂದ್ಳು. ಆಗ... ಬೆಟ್ಟ ಒಂದು ಕಣ್ಣು ಬಿಡ್ತು."

ಸುಬ್ರಮಣಿಯ ಮೈ ಜುಮ್ಮೆಂದಿತು. ಅವನು ನೋಡಿದ್ದ ಯಾವ ಸಿನಿಮಾದಲ್ಲೂ ಇಂಥದ್ದು ಇರಲಿಲ್ಲ. ಗೊತ್ತಿಲ್ಲದೆಯೇ ಸೀಟಿನ ತುದಿಗೆ ಸರಿದಿದ್ದ.

"ಮಾಲೂರು ಬಂತು, ಇಳೀರಿ ಇಳೀರಿ," ಎಂದ ಕದಿರೇಶ್.

ಜನ ಗೊಣಗುತ್ತ ಇಳಿದರು. ಕಾರ್ಖಾನೆಯ ಸೈರನ್ ಕೂಗಿತು. ಸುಬ್ರಮಣಿ ಮಾತ್ರ ಕದಿರೇಶನ ತೋಳು ಹಿಡಿದು ಟೀ ಅಂಗಡಿಗೆ ಎಳೆದುಕೊಂಡು ಹೋಗುತ್ತಿದ್ದ.

"ಟೀ ಜೊತೆಗೆ ವಡೆ ಕೊಡಿಸ್ತೀನಿ ಕಣೋ. ಆ ತಾಯಿ ಎದ್ದು ನಿಂತ್ಳಾ ಇಲ್ವಾ, ಅಷ್ಟು ಮಾತ್ರ ಹೇಳ್ಬಿಡು."