ಹಾಸ್ಯಗಾರನ ಕೋಟು

ದೊಡ್ಡಬಳ್ಳಾಪುರದಲ್ಲಿ ತಾಲ್ಲೂಕು ನಾಟಕ ಸ್ಪರ್ಧೆಯ ಬಹುಮಾನ ಕೊಟ್ಟ ದಿನ ಆವಲಪ್ಪ ಆಡಿದ್ದು ಒಂದೇ ಮಾತು. ತನ್ನೂರು ಮಧುರೆಯ ಭಜನೆ ಮಂದಿರದವರ ನಾಟಕದಲ್ಲಿ ಒಳ್ಳೆಯ ಹಾಸ್ಯಗಾರನೆಂದು ಅವನಿಗೆ ಕಪ್ ಬಂದಿತ್ತು. ಕೊಟ್ಟವರು ಮಂಡಲ ಪಂಚಾಯ್ತಿ ಪ್ರಧಾನ ಮುನಿರಾಮಯ್ಯನವರು. ಊರಿನ ನೀರಿನ ಟ್ಯಾಂಕಿಗೆ ಅವರು ಎರಡು ವರ್ಷದಲ್ಲಿ ಮೂರು ಸಲ ಗುದ್ದಲಿ ಪೂಜೆ ಮಾಡಿದ್ದರು. ಟ್ಯಾಂಕು ಮಾತ್ರ ಎದ್ದಿರಲಿಲ್ಲ. ಆವಲಪ್ಪ ಕಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ ಮೈಕಿನ ಮುಂದೆ ಹೇಳಿದ:

“ಕಪ್ಪೇ ಕೊಟ್ಬಿಟ್ರಲ್ಲ ಸ್ವಾಮಿ! ಇವತ್ತು ಬರೀ ಗುದ್ದಲಿ ಪೂಜೆ, ಕಪ್ಪು ಮುಂದಿನ ಎಲೆಕ್ಷನ್ನಿಗೆ ಅಂತ ತಿಳ್ಕೊಂಡು ಬಂದಿದ್ದೆ.”

ಜನ ನಕ್ಕರು. ಪ್ರಧಾನರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ನಗು ಬಸ್ಸು ಹತ್ತಿ ಊರಿಗೆ ಬರುವಷ್ಟರಲ್ಲಿ ಸಿಟ್ಟಾಗಿತ್ತು. ಮರುದಿನ ಬೆಳಿಗ್ಗೆ ಅದು ಪ್ರಧಾನರಿಗೆ ಆದ ಅವಮಾನ, ಮಧ್ಯಾಹ್ನಕ್ಕೆ ಇಡೀ ಹೋಬಳಿಗೆ. ಸಂಜೆಯ ಹೊತ್ತಿಗೆ, ಪೂಜೆಯನ್ನು ಆಡಿಕೊಂಡದ್ದರಿಂದ, ದೇವರಿಗೇ ಆದ ಅವಮಾನ. ಎರಡು ಹೊತ್ತೂ ದೀಪ ಹಚ್ಚದೆ ತುತ್ತು ಎತ್ತದ ಆವಲಪ್ಪನಿಗೆ ಆ ಕೊನೆಯ ಮಾತು ನಾಟಿತು. ಅವನ ಹಾಸ್ಯವನ್ನೆಲ್ಲ ಮೊದಲು ಕೇಳುತ್ತಿದ್ದವಳು ಹೆಂಡತಿ ಅನುಸೂಯಮ್ಮ. ಮುದ್ದೆ ತೊಳಸುತ್ತಲೇ, “ಇದಿರ್ಲಿ, ಅದು ಬ್ಯಾಡ” ಅನ್ನುತ್ತಿದ್ದಳು. ಅವಳು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವಳನ್ನು ಕೇಳದೆ ಆಡಿದ ಮೊದಲ ಮಾತು ಇದು.

ಮೂರನೆಯ ದಿನ ಸಂಜೆ ಹಾರ್ಮೋನಿಯಂ ನುಡಿಸುವ ಪಿಳ್ಳಪ್ಪ ಏದುಸಿರು ಬಿಡುತ್ತ ಬಂದ.

“ಅಣ್ಣಾ, ಪ್ರಧಾನರ ಕಡೆ ಚಿನ್ನಸ್ವಾಮಿ ಬಸ್ ಸ್ಟಾಪಲ್ಲಿ ನಿನ್ ಬೊಂಬೆ ಮಾಡಿ ಸುಡ್ತಾನಂತೆ!”

“ಸುಡ್ಲಿ ಬಿಡಪ್ಪ. ಹುಲ್ಲು ತಾನೆ.”

“ಬರೀ ಹುಲ್ಲಲ್ಲಣ್ಣ. ಬೊಂಬೆ ನಿಂದೇ ಅಂತ ಜನಕ್ಕೆ ಗೊತ್ತಾಗ್ಲಿ ಅಂತ ಮಂದಿರದ ಪೆಟ್ಟಿಗೆಯಿಂದ ನಿನ್ ಹಾಸ್ಯದ ಕೋಟು ತಗೊಂಡೋಗವ್ನೆ. ನಾಟಕದಾಗೆ ಭೀಮ ಅವ್ನೇ ಅಲ್ವಾ, ಪ್ರಾಕ್ಟೀಸಿಗೆ ಅನ್ಕೊಂಡು ನಾನೇ ಬೀಗದ ಕೈ ಕೊಟ್ಬಿಟ್ಟೆ.”

ಆವಲಪ್ಪ ಎದ್ದುಬಿಟ್ಟ. ಆ ಕೋಟನ್ನು ಅನುಸೂಯಮ್ಮ ತನ್ನ ಹಳೆಯ ಸೀರೆಗಳ ಅಂಚು, ಮದುವೆಯ ಕುಪ್ಪಸದ ತೋಳು ಕೂಡಿಸಿ ಹೊಲಿದಿದ್ದಳು. ಉಳಿದ ಬಟ್ಟೆಗಳನ್ನೆಲ್ಲ ತಿಥಿಯ ದಿನ ಕೊಟ್ಟುಬಿಟ್ಟಿದ್ದರು. ಅವಳದೆಂದು ಉಳಿದದ್ದು ಅದೊಂದೇ.

ಬಸ್ ಸ್ಟಾಪಿನಲ್ಲಿ ಮೂವತ್ತು ಜನ ಸೇರಿದ್ದರು. ರಾಗಿಹುಲ್ಲಿನ ಬೊಂಬೆ ಕೋಟು ತೊಟ್ಟು ಬಿದಿರಿನ ಗಳಕ್ಕೆ ಒರಗಿ ನಿಂತಿತ್ತು. ಆವಲಪ್ಪನನ್ನು ಕಂಡದ್ದೇ ಧಿಕ್ಕಾರದ ಕೂಗು ಇಳಿಯಿತು. ಅವನೇ ಬರುತ್ತಾನೆಂದು ಯಾರೂ ಎಣಿಸಿರಲಿಲ್ಲ.

“ಕ್ಷಮೆ ಕೇಳೋಕೆ ಬಂದ್ಯೇನಣ್ಣ?” ಎಂದ ಚಿನ್ನಸ್ವಾಮಿ.

“ಇಲ್ಲ ಕಣಪ್ಪ, ಕೋಟು ಕೇಳೋಕೆ ಬಂದೆ.” ಆವಲಪ್ಪ ತೊಟ್ಟಿದ್ದ ಅಂಗಿ ಬಿಚ್ಚಿ ಚಾಚಿದ. “ಆ ಮಾತಾಡ್ದಾಗ ನನ್ ಮೈಮೇಲಿದ್ದಿದ್ದು ಈ ಅಂಗಿ. ಇದನ್ನ ಸುಡು. ಅದು ಅನುಸೂಯ ಹೊಲ್ದಿದ್ದು.”

ಚಿನ್ನಸ್ವಾಮಿ ಕೋಟನ್ನೇ ನೋಡಿದ. ಭೀಮನ ಸೊಂಟದ ಪಟ್ಟಿ ಹೊಲಿದವಳೂ ಅವಳೇ.

“ಲೇ, ಸೀಮೆಣ್ಣೆ ದೂರ ಇಡ್ರೋ,” ಎಂದವನೇ ಒಂದೊಂದೇ ಗುಂಡಿ ಬಿಚ್ಚತೊಡಗಿದ. ಇಬ್ಬರು ಬೊಂಬೆಯ ಸೊಂಟ ಹಿಡಿದುಕೊಂಡರು.

“ಧಿಕ್ಕಾರ ಕೂಗೋದಾ, ಬ್ಯಾಡ್ವಾ?” ಹಿಂದಿನಿಂದ ಒಬ್ಬ ಕೇಳಿದ.

“ತಡ್ಕೊಳ್ಳೋ! ಗುಂಡಿ ಕಿತ್ಕೊಂಡೋಗುತ್ತೆ.”

ಬೊಂಬೆಗೆ ಅಂಗಿ ತೊಡಿಸಿದರು. ಬೆಂಕಿಯೂ ಬಿತ್ತು, ಧಿಕ್ಕಾರವೂ ಆಯಿತು. ಬರಿಮೈಯಲ್ಲಿ ನಿಂತಿದ್ದ ಆವಲಪ್ಪ ಮನೆಗೆ ಹೋಗಲು ಬೇರೆ ಅಂಗಿಯಿಲ್ಲದೆ ಕೋಟನ್ನೇ ತೊಟ್ಟ. ಒಳಗಿನ ಹುಲ್ಲಿನೆಳೆಗಳು ಚುಚ್ಚಿ ಅವನು ಮೈ ಕೆರೆದುಕೊಂಡಾಗ ಯಾರೋ ಕಿಸಕ್ಕೆಂದರು; ಆಮೇಲೆ ಎಲ್ಲರೂ ನಕ್ಕರು. ಚಿನ್ನಸ್ವಾಮಿ ಮುಖ ಆಚೆ ತಿರುಗಿಸಿಕೊಂಡ, ಭುಜ ಕುಲುಕುತ್ತಿತ್ತು.

“ಅಣ್ಣಾ, ಬಂದಿದ್ದೀಯ, ಒಂದು ಹಾಸ್ಯ ಹೇಳೋಗು!” ಗುಂಪಿನಿಂದ ಒಬ್ಬ ಕೂಗಿದ.

“ಈಗ ಬ್ಯಾಡಪ್ಪ. ಮನೇಲಿ ಕೇಳ್ಕೊಂಡು ಹೇಳ್ತೀನಿ.”

ಮನೆಗೆ ಬಂದು ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚಿದ. ಕೋಟು ಬಿಚ್ಚಲಿಲ್ಲ. ತೋಳಿನೊಳಗಿನ ಹುಲ್ಲನ್ನು ಒಂದೊಂದಾಗಿ ತೆಗೆಯುತ್ತ, ಒಲೆಯ ಕಡೆ ತಿರುಗಿ ಕೂತು, ಗುದ್ದಲಿ ಪೂಜೆಯ ಮಾತನ್ನು ಮೊದಲಿನಿಂದ ಹೇಳತೊಡಗಿದ.