ಮೊದಲನೇ ‘ಸಾಕು’ ಲೆಕ್ಕಕ್ಕಿಲ್ಲ

ಈ ಮರಾಠಿ ಊರಿನ ಸ್ವಾರಗೇಟ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮವ್ವ ರುದ್ರವ್ವನ ಖಾನಾವಳಿ ಇತ್ತು. ಹಳೇ ಕಟ್ಟಡ ಕೆಡವಿದರು, ಊಟದ ಹಾಲ್ ಹೋಯಿತು. ಅವ್ವ ನಮ್ಮ ಫ್ಲ್ಯಾಟಿನಲ್ಲೇ ರೊಟ್ಟಿ ಬಡಿದು ಡಬ್ಬಿ ಕಳಿಸುತ್ತೇನೆಂದಳು. ಹಿಂಜವಾಡಿಯ ಐಟಿ ಆಫೀಸಿನಲ್ಲಿ ಕೂತು ಊರಿಗೆಲ್ಲ ಆ್ಯಪ್ ಬರೆದುಕೊಡುವವಳು ನಾನು. ಹೆತ್ತವಳಿಗೊಂದು ಮಾಡಿಕೊಡದಿದ್ದರೆ ಹೇಗೆ? ಆದರೆ ಅವ್ವ ಮೊದಲೇ ಹೇಳಿಬಿಟ್ಟಿದ್ದಳು.

"ದೀಪಾವಳಿ ತನಕ ನೋಡ್ತೀನಿ ಮಾಧುರಿ. ಉಣ್ಣವ್ರ ಮುಖನ ಕಾಣವಲ್ದು ಅಂದ್ರ ಒಲಿ ಆರಸ್ತೀನಿ."

ಒಲೆ ಆರಿಸಿ ಟಿವಿ ಮುಂದೆ ಕೂತ ಅವ್ವನನ್ನು ನೆನೆಸಿಕೊಂಡರೇ ನನಗೆ ಭಯವಾಗುತ್ತದೆ.

ಆ್ಯಪಿನಲ್ಲಿ ಒಂದು ಪ್ಯಾನೆಲ್ ಮಾಡಿದೆ. ಪರದೆಯ ಕೆಳಗಿನಿಂದ ಬೆರಳಲ್ಲಿ ಎಳೆದರೆ ಜಾರುತ್ತ ಮೇಲೆ ಬರುತ್ತದೆ. ಅದರಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಬೇಕಾದ್ದನ್ನು ಒತ್ತಿ ಕೆಳಕ್ಕೆ ಎಳೆದರೆ ಮುಚ್ಚಿಕೊಂಡು ಆರ್ಡರ್ ಹೋಗುತ್ತದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅವ್ವ ಒಮ್ಮೆ ಎಳೆದು ನೋಡಿ ಮುಖ ಸಿಂಡರಿಸಿದಳು.

"ಇಷ್ಟಕ್ಕ ಮುಚ್ಚಿಬಿಡ್ತದೇನು?"

"ಮತ್ತ? ಕೆಳಗ ಎಳದ್ರ ಸಾಕು ಅಂದಂಗ ಅವ್ವಾ."

"ಒಮ್ಮೆ ಸಾಕು ಅಂದ್ರ ಸಾಕಂತ ತಿಳಕೊಳ್ಳೂದೇನಬೇ? ನಾಚಿಕಿಗೆ ಅಂತಾರ ಮಂದಿ. ಮೊದಲನೇ ಸಾಕು ಲೆಕ್ಕಕ್ಕಿಲ್ಲ."

ವಾದಕ್ಕಿಳಿಯಬೇಕೆಂದು ಬಾಯಿ ತೆರೆದೆ, ಆದರೆ ಆ ಹಾಲ್ ಕಣ್ಣಮುಂದೆ ಬಂದು ನಿಂತಿತು. ಕಲಬುರ್ಗಿ ಬಸ್ಸಿಳಿದು ಸೀದಾ ಊಟಕ್ಕೆ ಬರುತ್ತಿದ್ದ ಹುಡುಗರು, ರವಿವಾರ ಕುರಕುಂಭದ ಕಾರ್ಖಾನೆಗಳಿಂದ ಅಂಗಿಯ ತುಂಬ ರಾಸಾಯನಿಕದ ನಾತ ಹೊತ್ತು ಬರುತ್ತಿದ್ದವರು. ಎಲ್ಲರೂ ತಾಟಿಗೆ ಕೈ ಅಡ್ಡ ಹಿಡಿಯುವವರೇ! ಅವ್ವ ಆ ಕೈಮೇಲೆಯೇ ಸುಡುವ ರೊಟ್ಟಿ ಇಡುತ್ತಿದ್ದಳು. ಬಿಸಿ ತಾಗಿ ಕೈ ಸರಿದರೆ ರೊಟ್ಟಿ ತಾಟಿಗೆ. ಮಾರ್ಕೆಟ್ ಯಾರ್ಡಿನ ಗುಮಾಸ್ತ ಮಹದೇವಪ್ಪನವರಂತೂ ಬಾಯಲ್ಲಿ "ಸಾಕ್ರಿ ಅಕ್ಕಾರ" ಅನ್ನುತ್ತ ಕಣ್ಣಲ್ಲಿ ರೊಟ್ಟಿ ಬುಟ್ಟಿಯನ್ನೇ ನೋಡುತ್ತಿದ್ದರು. ಅಂಥ ಗದ್ದಲ, ಅಂಥ ನಗು ಮತ್ತೆ ನಾನೆಲ್ಲೂ ಕಂಡಿಲ್ಲ.

ಪ್ಯಾನೆಲ್ ತಿದ್ದಿದೆ. ಒಮ್ಮೆ ಕೆಳಗೆಳೆದರೆ ಅರ್ಧಕ್ಕೆ ಹೋಗಿ ಮತ್ತೆ ಮೇಲೆ ಬಂದು "ಇನ್ನೊಂದು ರೊಟ್ಟಿ?" ಎಂದು ಕೇಳುತ್ತಿತ್ತು. ಆ ರೊಟ್ಟಿಗೆ ದುಡ್ಡಿಲ್ಲ. ಇನ್ನೊಮ್ಮೆ ಎಳೆದರಷ್ಟೇ ಮುಚ್ಚುತ್ತಿತ್ತು.

ಆಫೀಸಿನ ಗೆಳೆಯ ಅಶ್ವಿತ್ ಬೆಂಗಳೂರಿನವನು. ಅವನಿಗೆ ತೋರಿಸಿದೆ.

"ಇದು ಬಗ್ ಕಣೇ. ಯೂಸರ್ ಕ್ಲೋಸ್ ಮಾಡಿದ್ಮೇಲೆ ಕ್ಲೋಸ್ ಆಗ್ಬೇಕು, ಅಷ್ಟೇ."

"ನಿಮ್ಮ ಮನ್ಯಾಗ ಯಾರೂ ಒತ್ತಾಯ ಮಾಡಿ ಬಡಸಿಲ್ಲೇನೋ ನಿನಗ?" ಎಂದು ಸಿಡುಕಿದೆ.

ಆದರೆ ಜನರೂ ಅದನ್ನೇ ಹೇಳಿದರು. ಪ್ಯಾನೆಲ್ ಮುಚ್ಚುವುದೇ ಇಲ್ಲ ಎಂದು ಮರಾಠಿಯಲ್ಲಿ ಬೈದು ಒಂದೊಂದೇ ಸ್ಟಾರ್ ಕೊಟ್ಟರು. ಆರ್ಡರ್ ಇಳಿಯಿತು. ದೀಪಾವಳಿ ಹತ್ತಿರವಾಗಿತ್ತು. ಸೋತು ಆ ‘ಇನ್ನೊಂದು ರೊಟ್ಟಿ’ಯನ್ನು ತೆಗೆದುಹಾಕಿ ಅವ್ವನಿಗೆ ಹೇಳಿದೆ.

"ಆತು ಬಿಡು. ಯಾರಿಗೂ ಬ್ಯಾಡಾದ ಮ್ಯಾಲೆ ಒಲಿನೂ ಯಾಕ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ರವಿವಾರ ಮಧ್ಯಾಹ್ನ ಫೋನ್ ಬಂತು. ಕೈಯಲ್ಲಿ ಕೆಲಸವಿತ್ತು, ಸ್ಪೀಕರ್ ಹಾಕಿದೆ.

"ರುದ್ರಕ್ಕಾರ ಅದಾರೇನ್ರಿ? ನಾ ಮಹದೇವಪ್ಪ, ಮಾರ್ಕೆಟ್ ಯಾರ್ಡ್."

"ನಾ ಅವ್ರ ಮಗಳ್ರಿ. ಊಟ ಬಂದಿಲ್ಲೇನ್ರಿ?"

"ಬಂದದ, ಉಣ್ಣಾಕತ್ತೀನಿ. ಆದ್ರ... ಮೊದಲೆಲ್ಲ ಸಾಕು ಅಂತ ಎಳದ್ರೂ ಅದು ಬಿಡ್ತಿರಲಿಲ್ರಿ. ಈಗ ಒಮ್ಮೆ ಎಳದ್ರ ಸುಮ್ನ ಮುಚ್ಚಿ ಹೋಗ್ತದ." ದನಿ ತಗ್ಗಿಸಿ ಕೇಳಿದರು: "ಅಕ್ಕಾರಿಗೆ ನನ್ನ ಮ್ಯಾಲೆ ಸಿಟ್ಟೇನ್ರಿ?"

ಅಷ್ಟರಲ್ಲಿ ಅವ್ವ ಫೋನ್ ಕಿತ್ತುಕೊಂಡಿದ್ದಳು.

"ಮಹದೇವಪ್ಪಾ, ಕೈ ತೊಳಕೋಬ್ಯಾಡ್ರಿ. ಹಂಗ ಕುಂತಿರ್ರಿ."

ಫೋನಿಟ್ಟು ನನ್ನ ಕಡೆ ತಿರುಗಿದಳು.

"ನೋಡ್ಕೋತ ನಿಂತೀ ಯಾಕ? ರೊಟ್ಟಿಗೆ ಎಸರಿಡು. ಆಮ್ಯಾಲೆ ಸ್ಕೂಟರ್ ತಗಿ, ನಾನೂ ಬರ್ತೀನಿ."