ಸೇಸಮ್ಮನ ಬೆರಳುಗಳು

ಎಂಬತ್ತಮೂರನೇ ಇಸವಿಯಲ್ಲಿ ವೇಣೂರಿನ ಸೇಸಮ್ಮನಿಗೆ ಮೂವತ್ತೆಂಟು ವರ್ಷ. ಬೀಡಿ ಕಟ್ಟುವುದರಲ್ಲಿ ಅವಳ ಕೈ ಬಹಳ ಚುರುಕು. ಆದರೆ ಆ ವರ್ಷ ದಿನಾ ಬೆಳಗ್ಗೆ ಏಳುವಾಗ ಎರಡೂ ಕೈಯ ಬೆರಳುಗಳು ಮಡಚಲು ಬಾರದಂತಾದವು. ಗೆಣ್ಣುಗಳು ಊದಿಕೊಂಡವು. ಗಂಟೆ ಹತ್ತಾದರೂ ಬೀಡಿಗೆ ನೂಲು ಸುತ್ತಲು ಆಗುತ್ತಿರಲಿಲ್ಲ.

"ವಾಯು ಮಾರಾಯ್ತಿ, ಎಲ್ಲರಿಗೂ ಉಂಟು," ಎಂದ ಗಂಡ ಧರ್ಣಪ್ಪ. ಪೇಟೆಯ ರಸ್ತೆ ಬದಿಯಲ್ಲಿ ಯಾರೋ ಮಾರುತ್ತಿದ್ದ ಹೆಸರಿಲ್ಲದ ಮಾತ್ರೆ ತಂದುಕೊಟ್ಟ. ಮೂರೇ ದಿನದಲ್ಲಿ ನೋವು ಇಳಿಯಿತು. ಸೇಸಮ್ಮ ಆರು ತಿಂಗಳು ಅದನ್ನೇ ನುಂಗಿದಳು. ಅವಳ ಸಪೂರ ಮುಖ ದುಂಡಗಾಯಿತು.

ಮಕ್ಕಳಿಗೆ ಲಸಿಕೆ ಹಾಕಲು ಬಂದ ನರ್ಸ್ ಶಶಿಪ್ರಭಾ ಅವಳನ್ನು ಕಂಡು ಅಂಗಳದಲ್ಲೇ ನಿಂತರು.

"ಸೇಸಮ್ಮಕ್ಕ, ಮುಖ ಎಂತ ಹೀಗೆ?"

"ಮೈ ತುಂಬಿದ್ದು ಸಿಸ್ಟರ್, ಒಳ್ಳೆ ಮದ್ದು," ಧರ್ಣಪ್ಪ ಹೆಮ್ಮೆಯಿಂದ ಹೇಳಿದ.

"ತುಂಬಿದ್ದಲ್ಲ ಧರ್ಣಪ್ಪಣ್ಣ, ಊದಿದ್ದು. ಇಂಥ ಮಾತ್ರೆಯಲ್ಲಿ ಸ್ಟಿರಾಯ್ಡ್ ಇರಬಹುದು. ನೋವು ಅಡಗಿಸ್ತದೆ, ಆದರೆ ತುಂಬಾ ದಿನ ತಿಂದರೆ ಎಲುಬು ಸವೆಯುತ್ತದೆ."

ಸೇಸಮ್ಮ ಹೆದರಿದಳು. "ಹಾಗಾದರೆ ಈಗಲೇ ಬಿಸಾಡ್ತೇನೆ."

"ಬೇಡ, ತಟ್ಟನೆ ಬಿಟ್ಟರೂ ಅಪಾಯ ಉಂಟು. ಅದನ್ನು ಹಿಡ್ಕೊಂಡೇ ನಾಳೆ ಡಾಕ್ಟ್ರ ಹತ್ರ ಹೋಗುವ."

"ಗಂಟುನೋವಿಗೆ ಡಾಕ್ಟ್ರು ಎಂತ ಮಾಡ್ತಾರೆ?" ಧರ್ಣಪ್ಪ ನಕ್ಕ.

ಸೇಸಮ್ಮ ಗಂಡನ ಮುಂದೆ ಕೈ ಚಾಚಿದಳು. ನಡುಬೆರಳು ಸೊಟ್ಟಗಾಗಿತ್ತು. "ಇದು ಹೋದರೆ ನನಗೆ ಮತ್ತೆಂತ ಉಂಟು?"

ಧರ್ಣಪ್ಪ ಆ ಬೆರಳನ್ನು ಮುಟ್ಟಿ ನೋಡಿದ. ಮರುದಿನ ಬಸ್ಸಿಗೆ ಮೊದಲು ಹೊರಟವನು ಅವನೇ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಬರೀ ವಾಯು ಅಲ್ಲ, ಗಂಟುಗಳನ್ನೇ ಹಾಳುಮಾಡುವ ಸಂಧಿವಾತ ಎಂದು ತಿಳಿಯಿತು. ಹಳೆಯ ಮಾತ್ರೆಯನ್ನು ಮೆಲ್ಲಮೆಲ್ಲನೆ ಬಿಡಿಸಿ, ಸರಿಯಾದ ಮದ್ದು ಹಿಡಿಸಿದರು. ಬೆಳಗ್ಗೆ ಬೆಚ್ಚಗಿನ ನೀರಿನಲ್ಲಿ ಬೆರಳು ಮಡಚಿ ಬಿಡಿಸಲು ಕಲಿಸಿದರು. "ಒಂದೇ ಕಡೆ ಕೂರಬೇಡಿ, ನಡುನಡುವೆ ಎದ್ದು ನಡೆಯಿರಿ. ಎಲುಬಿಗೆ ಬಲ ಬರಲು ರಾಗಿ, ಹಾಲು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು ಊಟದಲ್ಲಿರಲಿ. ಸ್ವಲ್ಪ ಹೊತ್ತು ಬಿಸಿಲಿಗೂ ಹೋಗಿ," ಎಂದರು.

"ಬೆರಳು ನೆಟ್ಟಗಾಗ್ತದಾ?" ಧರ್ಣಪ್ಪ ಕೇಳಿದ.

"ಅದು ಕಷ್ಟ. ಮೊದಲೇ ಬಂದಿದ್ದರೆ ಉಳಿಸಬಹುದಿತ್ತೇನೋ. ಉಳಿದದ್ದನ್ನು ಕಾಪಾಡುವ."

ಹಿಂದಿರುಗುವಾಗ ಧರ್ಣಪ್ಪ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದ. ಮನೆಗೆ ಬಂದವನೇ ಕೊಡಪಾನ ಎತ್ತಿಕೊಂಡು ಬಾವಿಗೆ ನಡೆದ. ಅಂದಿನಿಂದ ನೀರು ಸೇದುವುದು ಅವನ ಕೆಲಸವಾಯಿತು.

ಕಾಯಿಲೆ ಪೂರ್ತಿ ಹೋಗಲಿಲ್ಲ. ಆದರೆ ಮಳೆಗಾಲ ಮುಗಿಯುವಾಗ ಸೇಸಮ್ಮ ಮತ್ತೆ ಬೀಡಿ ಕಟ್ಟತೊಡಗಿದಳು, ಮೊದಲಿನಷ್ಟಲ್ಲ, ಕೈಗೆ ಆಗುವಷ್ಟು.

ಅಕ್ಕಂದಿರೇ, ಅಣ್ಣಂದಿರೇ, ಬೆಳಗ್ಗೆ ನಿಮ್ಮ ಗಂಟುಗಳು ಬಹಳ ಹೊತ್ತು ಬಿಗಿದುಕೊಂಡೇ ಇರುತ್ತವೆಯೇ? ಊದಿಕೊಂಡಿವೆಯೇ? ವಾಯು ಎಂದು ಸುಮ್ಮನಿರಬೇಡಿ. ಹೆಸರಿಲ್ಲದ ಮಾತ್ರೆ ನುಂಗಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಬೆರಳು ಸೊಟ್ಟಗಾಗುವ ಮೊದಲೇ.